ಗಡ್ಡವಿಲ್ಲದ ರಾಜನ ರೂಪಾಯಿ

ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ನಾಣ್ಯ ಕೂಡಿಸುವವರು ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದಾರೆ. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯ ಹಾಲ್‌ನಲ್ಲಿ ಸೇರುತ್ತಾರೆ. ಮಂಡಕ್ಕಿ, ಮಿರ್ಚಿ ತಿನ್ನುತ್ತಾರೆ. ಅದೇ ಎಣ್ಣೆಗೈಯಲ್ಲಿ ನಾಣ್ಯ ಮುಟ್ಟುತ್ತಾರೆ. ಬ್ಯಾಡ್ರಪ್ಪ ಎಂದರೆ ನಗುತ್ತಾರೆ. ಅವರಲ್ಲೊಬ್ಬಳು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಹೋದ ತಿಂಗಳು ಮನೆಗೆ ಬಂದು, "ಆಂಟಿ, ಫಿನಿಶ್ ಅಂದ್ರೇನು, ಸಿಲ್ವರ್ ಕಂಟೆಂಟ್ ಹೆಂಗೆ ತಿಳ್ಕೊಳ್ಳೋದು ಅಂತ ಹೊಸಬರಿಗೆ ಎರಡು ಪೇಜ್ ಬರೆದುಕೊಡ್ರಿ. ನಮ್ಮ ಸಣ್ಣ ಪುಸ್ತಕದಾಗ ಹಾಕ್ತೀವಿ" ಎಂದಳು.

ಬರೆಯಲು ಕುಳಿತೆ. ನಾಣ್ಯವನ್ನು ಎಂದೂ ಉಜ್ಜಬೇಡಿ ಎಂದು ಮೊದಲ ಸಾಲು ಬರೆದೆ. ಎರಡನೆಯ ಸಾಲಿಗೆ ಪೆನ್ನು ಹೋಗಲಿಲ್ಲ. ಆ ಮಾತನ್ನು ನನಗೆ ಕಲಿಸಿದವರು ಕಾನ್ವೆಂಟಿನ ಒಬ್ಬ ಸಿಸ್ಟರ್. ನಾನು ಅದನ್ನು ಪಾಲಿಸಿದ್ದು ಹರಿಹರದ ಒಬ್ಬ ಪತ್ತಾರನ, ಎಂದರೆ ಅಕ್ಕಸಾಲಿಗನ, ಅನ್ನ ಕಿತ್ತು. ಎರಡನ್ನೂ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ. ಆದ್ದರಿಂದ ಎರಡು ಪೇಜ್ ಮೀರಿದರೆ ಮೀರಲಿ.

ಆ ಕಾಲದ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರಿಯ ಮಗಳು ಕಾನ್ವೆಂಟಿಗೆ ಹೋಗುವುದೆಂದರೆ ಮನೆಗೆ ರೇಡಿಯೋ ತಂದಿಟ್ಟ ಹಾಗೆ. ನೆಂಟರು ಬಂದಾಗ ಅಪ್ಪ ನನ್ನನ್ನು ಪಡಸಾಲೆಗೆ ಕರೆದು, "ಒಂದೀಟು ಇಂಗ್ಲಿಷ್ ಮಾತಾಡವ್ವ" ಎನ್ನುತ್ತಿದ್ದರು. ನಾನು ರೀಡರ್‌ನಿಂದ ಎರಡು ವಾಕ್ಯ ಒಪ್ಪಿಸಿದರೆ ಎಲ್ಲರೂ ತಲೆದೂಗುತ್ತಿದ್ದರು. ಏನು ಹೇಳಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳನ್ನು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಗೆ ಬಿಡಿಸಿದ್ದರು. ಅವಳಿಗೆ ಅದರ ಬೇಜಾರಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ನನ್ನ ಬೇಜಾರುಗಳೇ ನನಗೆ ಸಾಕಷ್ಟಿದ್ದವು.

ಸಿಸ್ಟರ್ ನಮಗೆ ಜಿಯಾಗ್ರಫಿ ಹೇಳುತ್ತಿದ್ದರು. ಗೋವಾ ಕಡೆಯವರು. ಅವರ ತಂದೆ ಬೊಂಬಾಯಿಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದವರಂತೆ. ಸಿಸ್ಟರ್ ಅವರ ಮೇಜಿನ ಡ್ರಾಯರ್‌ನಲ್ಲಿ, ಸೀಮೆಸುಣ್ಣದ ಡಬ್ಬಿಯ ಹಿಂದೆ, ಮೆತ್ತನೆಯ ಕಾಗದದಲ್ಲಿ ಸುತ್ತಿದ ಏಳೆಂಟು ನಾಣ್ಯಗಳಿದ್ದವು. ಸನ್ಯಾಸಿನಿಗೆ ಸ್ವಂತದ್ದು ಏನೂ ಇರಬಾರದು. ಆದ್ದರಿಂದ ಅವು "ಟೀಚಿಂಗ್ ಏಡ್ಸ್". ಮಧ್ಯಾಹ್ನದ ಬಿಡುವಿನಲ್ಲಿ ನನ್ನೊಬ್ಬಳಿಗೆ ತೋರಿಸುತ್ತಿದ್ದರು.

"ಬೈ ದಿ ಎಡ್ಜ್, ಚೈಲ್ಡ್. ನೆವರ್ ದಿ ಫೇಸ್."

ಅಂಚಿನಲ್ಲಿ ಹಿಡಿಯುವುದು ಮೊದಲ ಪಾಠ. ಎರಡನೆಯದು ಲಸ್ಟರ್. ಟಂಕಸಾಲೆಯಲ್ಲಿ ಅಚ್ಚಿನ ಪೆಟ್ಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಟ್ಟುಹೋಗುತ್ತದೆ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿದರೆ, ಗಾಡಿಯ ಚಕ್ರ ಉರುಳುವಾಗ ಕಡ್ಡಿಗಳು ಓಡುವಂತೆ, ಬೆಳಕಿನ ಪಟ್ಟಿ ಸುತ್ತು ಹಾಕುತ್ತದೆ. ಅದು ಲಸ್ಟರ್. ಕೈಯಿಂದ ಕೈಗೆ ಹೋದ ನಾಣ್ಯದಲ್ಲಿ ಅದು ಮೊದಲು ರಾಜನ ಕೆನ್ನೆಯ ಮೇಲೆ, ಕಿವಿಯ ಮೇಲೆ ಅಳಿಯುತ್ತದೆ, ಆಮೇಲೆ ಚಿತ್ರದ ಸುತ್ತಲಿನ ಬಯಲಿನಲ್ಲಿ. ಉಜ್ಜಿದ ನಾಣ್ಯದಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಹೋಗುತ್ತದೆ. ಉಜ್ಜಿದ್ದೂ ಹೊಳೆಯುತ್ತದೆ, ಇಲ್ಲವೆಂದಲ್ಲ. ಆದರೆ ಬೆಳಗಿದ ತಂಬಿಗೆಯ ಹಾಗೆ ಎಲ್ಲ ಕಡೆಗೂ ಒಂದೇ ಸಮ ಹೊಳೆಯುತ್ತದೆ. ತಿರುಗಿಸಿದರೆ ಏನೂ ಓಡುವುದಿಲ್ಲ.

ಪ್ರೂಫ್ ಎಂಬುದು ಇನ್ನೊಂದು. ಹೊಸಬರು ಹೊಳೆಯುವುದನ್ನೆಲ್ಲ ಪ್ರೂಫ್ ಎನ್ನುತ್ತಾರೆ. ಅದು ನಾಣ್ಯವನ್ನು ಮಾಡುವ ರೀತಿಯ ಹೆಸರು, ಅದರ ಸ್ಥಿತಿಯ ಹೆಸರಲ್ಲ. ಅಚ್ಚನ್ನೇ ಕನ್ನಡಿಯಂತೆ ತಿಕ್ಕಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ, ತೋರಿಸಲೆಂದೇ ಮಾಡಿದ್ದು. ಬಯಲಿನಲ್ಲಿ ನಿಮ್ಮ ಮುಖ ಕಾಣುತ್ತದೆ, ಚಿತ್ರ ಮಂಜು ಕೂತಂತೆ ಬೆಳ್ಳಗಿರುತ್ತದೆ. ಸಿಸ್ಟರ್ ಹತ್ತಿರ ಒಂದೇ ಒಂದಿತ್ತು. ಅದರಲ್ಲಿ ನನ್ನ ಮೂಗು ಕಂಡದ್ದು ನೆನಪಿದೆ.

ಬೆಳ್ಳಿಯ ಪಾಠ ಇದಕ್ಕಿಂತ ಸುಲಭ. ಬ್ರಿಟಿಷ್ ರಾಣಿಯ ತಲೆ, ಬೋಳುತಲೆಯ ಅವಳ ಮಗ, ಗಡ್ಡದ ಮೊಮ್ಮಗ, ಈ ಮೂವರ ರೂಪಾಯಿಗಳಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಆಮೇಲೆ ಬಂದವನು ಗಡ್ಡವಿಲ್ಲದ ರಾಜ. ಅವನ ಕಾಲಕ್ಕೆ ಮಹಾಯುದ್ಧ ಬಂತು, ಬೆಳ್ಳಿ ಅರ್ಧಕ್ಕೆ ಇಳಿಯಿತು. ಮಿಕ್ಕದ್ದರಲ್ಲಿ ತಾಮ್ರವೇ ಹೆಚ್ಚು. ತೂಕ ಮಾತ್ರ ಅಷ್ಟೇ, ಒಂದು ತೊಲ. ತಕ್ಕಡಿಗೆ ಹಾಕಿದರೆ ಏನೂ ಗೊತ್ತಾಗದು. ಗೊತ್ತಾಗುವುದು ಅಂಚಿನಲ್ಲಿ. ಯುದ್ಧದ ರೂಪಾಯಿಯ ಅಂಚಿನ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ತೋಡು ಓಡುತ್ತದೆ. ಉಗುರು ಹಾಯಿಸಿದರೆ ಸಿಗುತ್ತದೆ. ಯುದ್ಧ ಮುಗಿದ ಮೇಲೆ ಬಂದ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಮ್ಯಾಗ್ನೆಟ್‌ಗೆ ಅಂಟುತ್ತದೆ.

ಹೊಸಬರಿಗೆ ಇಷ್ಟು ಸಾಕು. ನನಗೂ ಇಷ್ಟೇ ಸಾಕಾಗಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವರು ಕೈಗಿಟ್ಟ ಬೆಳ್ಳಿ ರೂಪಾಯಿಗಳನ್ನು ಒಂದು ಗಂಟು ಕಟ್ಟಿ ಇಡುವುದು. ಹುಡುಗಿಯ ಮದುವೆ ಗೊತ್ತಾದಾಗ ಆ ಗಂಟನ್ನು ಬಿಚ್ಚಿ, ಕರಗಿಸಿ, ಅಳಿಯನಿಗೆ ಕರಡಿಗೆ ಮಾಡಿಸುವುದು. ಕರಡಿಗೆ ಎಂದರೆ ಲಿಂಗವನ್ನು ಇಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಭರಣಿ. ಅಕ್ಕನದು ಕೆಂಪು ಗಂಟು, ನನ್ನದು ಹಸಿರು. ಎರಡೂ ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗಿದ್ದವು.

ಸಿಸ್ಟರ್ ಅವರಿಂದ ಪಾಠ ಕಲಿತ ವಾರವೇ ಎರಡೂ ಗಂಟು ಬಿಚ್ಚಿ ನೋಡಿದೆ. ಅಕ್ಕ ಹುಟ್ಟಿದ್ದು ಯುದ್ಧಕ್ಕೆ ಮೊದಲು. ಅವಳ ಗಂಟಿನಲ್ಲಿ ಇಪ್ಪತ್ತೊಂದು ರೂಪಾಯಿ, ಎಲ್ಲ ಗಡ್ಡದ ರಾಜನವೇ. ನಾನು ಯುದ್ಧದ ಕೂಸು. ನನ್ನವೆಲ್ಲ ಗಡ್ಡವಿಲ್ಲದವು. ಒಂದೊಂದರ ಅಂಚಿಗೂ ಉಗುರು ಹಾಯಿಸಿದೆ. ಒಂದೊಂದರಲ್ಲೂ ತೋಡು.

"ಅವ್ವಾ, ನನ್ನ ರೂಪಾಯಿ ಅರ್ಧ ಬೆಳ್ಳಿವು" ಎಂದೆ.

ಅವ್ವ ರೊಟ್ಟಿ ತಟ್ಟುತ್ತಿದ್ದಳು. "ಯಾವ ರಾಜ ಇದ್ರೇನು, ರೂಪಾಯಿ ರೂಪಾಯಿನೇ. ಹದಿನಾರು ಆಣೆಗೆ ಒಂದಾಣೆ ಕಮ್ಮಿ ಐತೇನು?"

"ಅಕ್ಕನವು ಪೂರಾ ಬೆಳ್ಳಿ."

"ನಿಂಗೆ ಕಾನ್ವೆಂಟು ಕೊಟ್ಟಿಲ್ಲೇನು? ಆಕಿ ಕೇಳಿದ್ಲಾ, ತಂಗಿಗೆ ಇಂಗ್ಲಿಷು, ನಂಗೆ ಯಾಕ ಮುಸುರಿ ಅಂತ? ಹೋಗು, ಹಿಟ್ಟು ತಾ."

ಅವ್ವ ಹೇಳಿದ್ದು ಸರಿ. ಆದರೆ ರೂಪಾಯಿ ರೂಪಾಯಿನೇ ಎಂಬ ಮಾತನ್ನು ಮಾತ್ರ ನಾನು ಕಿವಿಯಲ್ಲಿ ಇಟ್ಟುಕೊಂಡೆ. ಮಿಕ್ಕದ್ದನ್ನು ಬಿಟ್ಟೆ.

ನಯೇ ಪೈಸೆ ಹೊಸದಾಗಿ ಬಂದ ವರ್ಷ ಅಕ್ಕನಿಗೆ ರಾಣೇಬೆನ್ನೂರಿನ ಗಂಡು ಗೊತ್ತಾಯಿತು. ಹರಿಹರದ ಪತ್ತಾರನಿಗೆ ಹೇಳಿಕಳಿಸಿದರು. ಅವರು ಬರುವ ಹಿಂದಿನ ದಿನ ಅವ್ವ ಕೆಂಪು ಗಂಟನ್ನು ನನ್ನ ಮುಂದಿಟ್ಟು, "ವಿಭೂತಿ ಹಚ್ಚಿ ಥಳಥಳ ಅನ್ನಂಗ ತಿಕ್ಕು. ದೇವರ ಬೆಳ್ಳಿ, ಕರ‍್ರಗಿರಬಾರದು" ಎಂದಳು. ನಮ್ಮಲ್ಲಿ ಬೆಳ್ಳಿ ತಿಕ್ಕುವುದು ವಿಭೂತಿಯಿಂದಲೇ. ಮರುದಿನ ಕರಗಿ ನೀರಾಗುವ ರೂಪಾಯಿಯನ್ನು ಹಿಂದಿನ ದಿನ ಯಾಕೆ ತಿಕ್ಕಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಹಿತ್ತಲ ಕಟ್ಟೆಯ ಮೇಲೆ ಕುಳಿತು ಇಪ್ಪತ್ತೊಂದನ್ನೂ ಸಾಲಾಗಿ ಹರವಿದೆ. ಬಿಸಿಲಿಗೆ ಒಂದೊಂದಾಗಿ ತಿರುಗಿಸಿದೆ. ಹನ್ನೊಂದರಲ್ಲಿ ಚಕ್ರ ಓಡಿತು. ಯಾರೋ ಶ್ರೀಮಂತ ನೆಂಟರು ಬ್ಯಾಂಕಿನ ಚೀಲದಿಂದ ಬಿಚ್ಚಿದ ಹಾಗೇ ತಂದು ಕೂಸಿನ ಕೈಗಿಟ್ಟಿದ್ದಿರಬೇಕು. ಇಪ್ಪತ್ತು ವರ್ಷ ಬಟ್ಟೆಯೊಳಗೆ ಕುಳಿತು ಅಂಚಿಗೆ ನಸುಗೆಂಪು, ನಸುನೀಲಿ ಬಣ್ಣ ಬಂದಿತ್ತು. ಸಿಸ್ಟರ್ ಹತ್ತಿರವೂ ಅಂಥದ್ದಿರಲಿಲ್ಲ. ಇವಕ್ಕೆ ವಿಭೂತಿ ಹಚ್ಚಿ ತಿಕ್ಕಬೇಕು. ನಾಳೆ ಮೂಸೆಗೆ ಹಾಕಬೇಕು.

ಡು ನಾಟ್ ಕ್ಲೀನ್, ಎಂದಿದ್ದರು ಸಿಸ್ಟರ್. ಡು ನಾಟ್ ಸ್ಟೀಲ್ ಎಂಬುದು ಕ್ರೈಸ್ತ ಮಕ್ಕಳ ಕ್ಯಾಟೆಕಿಸಂ ಕ್ಲಾಸಿನ ಪಾಠ, ನಮ್ಮಂಥವರು ಅದಕ್ಕೆ ಕೂರುತ್ತಿರಲಿಲ್ಲ. ಈಗ ತಮಾಷೆ ಮಾಡುತ್ತೇನೆ. ಅಂದು ಹಿತ್ತಲ ಬಾಗಿಲನ್ನು ಎರಡು ಸಲ ತಿರುಗಿ ನೋಡಿದೆ. ಆ ಹನ್ನೊಂದನ್ನು ನನ್ನ ಹಸಿರು ಗಂಟಿಗೆ ಹಾಕಿದೆ, ಹಸಿರು ಗಂಟಿನಿಂದ ಹನ್ನೊಂದು ತೆಗೆದೆ. ರೂಪಾಯಿಗೆ ರೂಪಾಯಿ. ತೆಗೆದವನ್ನೂ ಅಕ್ಕನ ಮಿಕ್ಕ ಹತ್ತನ್ನೂ ವಿಭೂತಿ ಹಚ್ಚಿ ಬೆರಳು ನೋಯುವಂತೆ ತಿಕ್ಕಿದೆ. ಎಲ್ಲ ಒಂದೇ ಬಿಳುಪಾದವು. ಅವ್ವ ನೋಡಿ, "ನೋಡವಾ, ಓದಿದ ಕೈ" ಎಂದು ಕೆನ್ನೆ ಸವರಿದಳು.

ಪತ್ತಾರ ಬೆಳಗಿನ ಪ್ಯಾಸೆಂಜರ್‌ಗೆ ಬಂದರು. ನಲವತ್ತರ ಆಸುಪಾಸು, ತೆಳ್ಳನೆಯ ಆಳು. ಅವರ ಅಪ್ಪ ನಮ್ಮ ಅಜ್ಜಿಯ ಡಾಬು ಮಾಡಿದವರು. ನಮ್ಮ ಮನೆಯ ಬೆಳ್ಳಿ ಬಂಗಾರದ ಕೆಲಸ ಬೇರೆ ಯಾರಿಗೂ ಹೋಗುತ್ತಿರಲಿಲ್ಲ. ಆದರೂ ಕೆಲಸ ನಮ್ಮ ಪಡಸಾಲೆಯಲ್ಲೇ, ನಮ್ಮ ಕಣ್ಣೆದುರೇ ಆಗಬೇಕು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಅವ್ವ ಅವರ ಎದುರಿಗೇ ಹೇಳಿ ನಗುತ್ತಿದ್ದಳು. ಅವರೂ ನಗುತ್ತಿದ್ದರು. ಅವರಿಗೆ ಬೇರೆ ದಾರಿ ಏನಿತ್ತು?

ಕುಂಪಟೆಗೆ ಇದ್ದಲು ಹಾಕಿ, ಅವರು ಗಂಟು ಬಿಚ್ಚಿದರು. ಮೊದಲ ರೂಪಾಯಿಯನ್ನು ಅಂಚಿನಲ್ಲಿ ಹಿಡಿದೆತ್ತಿದರು. ಸಿಸ್ಟರ್ ಅವರನ್ನು ಬಿಟ್ಟರೆ ನಾಣ್ಯವನ್ನು ಹಾಗೆ ಹಿಡಿದವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಹೆಬ್ಬೆರಳ ಉಗುರನ್ನು ಅಂಚಿಗೆ ಹಾಯಿಸಿದರು. ಕೆಳಗಿಟ್ಟು ಇನ್ನೊಂದನ್ನು ತೆಗೆದರು, ಮತ್ತೊಂದನ್ನು. ಕಣ್ಣೆತ್ತಿ ಸುತ್ತ ನೋಡಿದರು. ಅಪ್ಪ ಅಂಗಡಿಗೆ ಹೋಗಿದ್ದರು. ಪಡಸಾಲೆಯಲ್ಲಿ ಅವ್ವ, ಮದುವೆ ಕೆಲಸಕ್ಕೆ ಬಂದ ನಾಲ್ಕಾರು ಹೆಂಗಸರು, ಕಂಬಕ್ಕೆ ಒರಗಿ ನಿಂತ ನಾನು.

"ಅವ್ವಾರ, ಇವು ದೊಡ್ಡಮ್ಮಾರ ತೊಟ್ಟಿಲು ರೂಪಾಯಿ ಏನ್ರಿ?"

"ಹೂಂ, ಯಾಕ?"

"ಏನಿಲ್ರಿ. ಇದ್ರಾಗ ಗಡ್ಡ ಇಲ್ಲದ ರಾಜನವು ಅದಾವಲ್ರಿ."

"ರಾಜ ಕ್ಷೌರ ಮಾಡಿಸ್ಕಂಡಿರ್ತಾನೆ, ನಿಂಗೇನಾತು? ಕುಂಪಟಿ ಊದು."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪತ್ತಾರ ನಗಲಿಲ್ಲ. "ಹಂಗಲ್ರಿ, ಸಾವ್ಕಾರ‍್ರು ಬಂದು ಒಂದ್ಸಲ ನೋಡಿದ್ರ..." ಎಂದರು.

"ನಮ್ಮ ಮನಿ ರೂಪಾಯಿ ಖೊಟ್ಟಿ ಅಂತಿಯೇನು? ದೇವರ ಬೆಳ್ಳಿ, ಕಟ್ಟಿದ ಗಂಟು. ನಿಮ್ಮಪ್ಪ ಎಂದಾರ ಹಿಂಗೆ ಕೇಳಿದ್ನಾ?"

ಅವರು ಬಾಯಿ ಮುಚ್ಚಿಕೊಂಡರು. ಮುಚ್ಚುವ ಮೊದಲು ನನ್ನನ್ನು ನೋಡಿದರು. ನನ್ನ ಬೆರಳ ಸಂದಿಯಲ್ಲಿ ವಿಭೂತಿ ಇನ್ನೂ ಇತ್ತು. ನಾನು ಕೈಯನ್ನು ಲಂಗದ ಹಿಂದೆ ಇಟ್ಟುಕೊಂಡೆ. ಆಮೇಲೆ ಅವರು ಒಂದೊಂದಾಗಿ ಇಪ್ಪತ್ತೊಂದನ್ನೂ ಮೂಸೆಗೆ ಬಿಟ್ಟರು.

ಇಲ್ಲಿ ಹೊಸಬರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ತಾಮ್ರ ಬೆರೆತ ಬೆಳ್ಳಿಯನ್ನು ಕಾಯಿಸಿ ಹುಣಸೆಹುಳಿಯಲ್ಲಿ ಕುದಿಸಿದರೆ ಮೇಲ್ಮೈಯ ತಾಮ್ರವಷ್ಟೇ ಹೋಗುತ್ತದೆ. ಬೆಳ್ಳಿಯ ತೆಳ್ಳನೆಯ ತೊಗಲು ಉಳಿಯುತ್ತದೆ. ನೋಡಿದವರಿಗೆ ಅಪ್ಪಟ ಬೆಳ್ಳಿಯೇ. ಒಳಗಿನದು ಹೊರಬರಲು ತಿಂಗಳುಗಳು ಬೇಕು. ಎಲ್ಲ ಬೆಳ್ಳಿಯನ್ನೂ ಪತ್ತಾರರು ಕೊನೆಗೆ ಹಾಗೆ ಕುದಿಸಿಯೇ ಕೊಡುವುದು, ಮೋಸಕ್ಕಲ್ಲ. ಆ ಕರಡಿಗೆಯನ್ನೂ ಹಾಗೇ ಕೊಟ್ಟರು. ಮದುವೆಯಲ್ಲಿ ಅದು ತಟ್ಟೆಯಿಂದ ತಟ್ಟೆಗೆ, ಕೈಯಿಂದ ಕೈಗೆ ಹೋಯಿತು. ಎಲ್ಲರೂ ಹೊಗಳಿದರು. ಭಾವನ ಎದೆಯ ಮೇಲೆ ಅದನ್ನು ನೋಡಿದಾಗ ನನಗೂ ನೆಮ್ಮದಿಯಾಯಿತು. ಬೆಳ್ಳಿ ಕಮ್ಮಿಯಾದರೇನು, ಯಾರಿಗೂ ಗೊತ್ತಾಗಲಿಲ್ಲವಲ್ಲ.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ, ಬೆವರು. ಒಂದು ಬೆಳಿಗ್ಗೆ ಅಕ್ಕನ ಮಾವ ಅಕ್ಕನನ್ನು ಕರೆದುಕೊಂಡು ಬಂದಿಳಿದರು. ಕೈಯಲ್ಲಿ ಒಂದು ಚೀಲ. ನೀರು ಕೊಟ್ಟರೆ ಮುಟ್ಟಲಿಲ್ಲ. ಚೀಲದಿಂದ ಭಾವನ ಬಿಳಿ ಅಂಗಿ ತೆಗೆದು ಅಪ್ಪನ ಮುಂದೆ ಹರವಿದರು. ಎದೆಯ ನಡುವೆ ಕರಡಿಗೆಯಷ್ಟೇ ಅಗಲದ ಹಸಿರು ಕಲೆ. ಆಮೇಲೆ ಕರಡಿಗೆ ಇಟ್ಟರು. ಅಂಚುಗಳಲ್ಲೆಲ್ಲ ಹಳದಿಗೆಂಪು ಎದ್ದಿತ್ತು.

"ನಮ್ಮೂರ ಪತ್ತಾರನ ಕಡೆ ಒರೆಗಲ್ಲಿಗೆ ಹಚ್ಚಿಸೀನ್ರಿ ಬೀಗರ" ಎಂದರು. "ಹಿತ್ತಾಳಿ ಕೊಟ್ಟಿದ್ರೂ ತಗಂತಿದ್ವಿ, ಹಿತ್ತಾಳಿ ಅಂತ ಹೇಳಿ ಕೊಟ್ಟಿದ್ರ. ಲಿಂಗದ ಮ್ಯಾಲೆ ಮೋಸ ಮಾಡೋದಾ? ಸೊಸಿ ಇಲ್ಲೇ ಇರ‍್ಲಿ. ಸರಿಯಾದ ಕರಡಿಗಿ ಆದಮ್ಯಾಲೆ ಕಳಿಸ್ರಿ."

ಅಪ್ಪ ಕರಡಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಹರಿಹರಕ್ಕೆ ಆಳು ಓಡಿದ. ಬೀಗರನ್ನು ಊಟಕ್ಕೆ ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರ ಊಟ ಮುಗಿಯುವ ಹೊತ್ತಿಗೆ ಪತ್ತಾರ ಬಂದರು.

ಪಡಸಾಲೆಯ ಕೆಳಗೆ, ಅಂಗಳದಲ್ಲಿ ಅವರನ್ನು ನಿಲ್ಲಿಸಿದರು. ಎಂದೂ ಹಾಗೆ ನಿಲ್ಲಿಸಿದ್ದಿಲ್ಲ.

"ಬೆಳ್ಳಿ ಎಲ್ಲಿ ಹೋತು?" ಅಪ್ಪ ಕೇಳಿದರು.

"ನೀವು ಕೊಟ್ಟಿದ್ದನ್ನs ಹಾಕೀನ್ರಿ ಸಾವ್ಕಾರ‍್ರ. ಅದ್ರಾಗ ಯುದ್ಧದ ರೂಪಾಯಿ ಇದ್ವು. ಅವತ್ತs ಅವ್ವಾರಿಗೆ ಹೇಳೀನ್ರಿ."

ಅವ್ವ ಬಾಗಿಲ ಮರೆಯಿಂದ, "ಏನೋ ರಾಜನ ಗಡ್ಡದ ಚ್ಯಾಷ್ಟಿ ಮಾಡಿದ, ಅಷ್ಟs. ಬೆಳ್ಳಿ ಸುದ್ದಿ ಎತ್ತಲಿಲ್ಲ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ನೆನಪಿದ್ದದ್ದು ನಗುವಷ್ಟೇ.

ಪತ್ತಾರ ನನ್ನ ಕಡೆ ತಿರುಗಿದರು. "ಸಣ್ಣಮ್ಮಾರು ಕಾನ್ವೆಂಟ್‌ನಾಗ ಓದೋರು. ಅವತ್ತು ಅಲ್ಲೇ ಕಂಬದ ಹತ್ರ ಇದ್ರು. ಅವರs ಹೇಳ್ಲಿ, ರೂಪಾಯಿ ಎಲ್ಲಾ ಒಂದs ತರ ಇರ್ತಾವೇನು?"

ಎಲ್ಲರೂ ನನ್ನನ್ನು ನೋಡಿದರು. ಅಕ್ಕ ಒಳಬಾಗಿಲಲ್ಲಿ ಅತ್ತು ಊದಿದ ಕಣ್ಣಿನಿಂದ ನೋಡಿದಳು. ಅಪ್ಪ ನೋಡಿದರು. ಇಪ್ಪತ್ತು ವರ್ಷ ಸುಳ್ಳು ಹೇಳಿ ಪಳಗಿದವರಿಗೂ ಬಾರದ ಉಪಾಯ ನನಗೆ ಬಂತು. ಐ ಡೋಂಟ್ ನೋ, ಎಂದೆ. ಅದೂ ಹಾಗಲ್ಲ. ರೀಡರ್‌ನಿಂದ ಒಪ್ಪಿಸುವ ಹಾಗೆ, ಕತ್ತು ನೆಟ್ಟಗೆ ಮಾಡಿ, "ಐ ಡೋಂಟ್ ನೋ ಎನಿಥಿಂಗ್ ಅಬೌಟ್ ಇಟ್, ಸರ್."

ಬೀಗರ ಮುಖ ಸ್ವಲ್ಪ ಸಡಿಲಾಯಿತು. "ಅಲಲಾ! ಇಂಗ್ಲಿಷ್ ಚಲೋ ಬರ್ತೈತಲ್ಲ ಹುಡುಗಿಗೆ!"

"ಕಾನ್ವೆಂಟು" ಎಂದರು ಅಪ್ಪ. ಆ ಸ್ಥಿತಿಯಲ್ಲೂ.

ಪತ್ತಾರನಿಗೆ ನಾನು ಏನಂದೆ ಎಂಬುದೂ ತಿಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಯಾರೋ ಗಾದೆ ಹೇಳಿದರು, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ. ಈ ಸಲ ಯಾರೂ ನಗಲಿಲ್ಲ, ಅಷ್ಟೇ ವ್ಯತ್ಯಾಸ. ಅಪ್ಪ ಕರಡಿಗೆಯನ್ನು ಅಂಗಳಕ್ಕೆ ಎಸೆದು, "ತಗಂಡು ಹೋಗು. ಇನ್ನ ಈ ಊರಾಗ ನಿನ್ನ ಕುಂಪಟಿ ಹೊತ್ತಂಗಿಲ್ಲ" ಎಂದರು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಮಂಡಿಪೇಟೆಯಲ್ಲಿ ಅಪ್ಪನ ಮಾತಿಗೆ ಬೆಲೆಯಿತ್ತು. ಸಂಜೆಯೊಳಗೆ ಎಲ್ಲ ಅಂಗಡಿಗೂ ಸುದ್ದಿ ಮುಟ್ಟಿತು.

ಅಕ್ಕ ಇಪ್ಪತ್ತು ದಿನ ನಮ್ಮ ಮನೆಯಲ್ಲಿದ್ದಳು. ಮದುವೆಯಾದ ಹುಡುಗಿ ಹಬ್ಬವಿಲ್ಲದೆ ತವರಿನಲ್ಲಿದ್ದರೆ ಓಣಿಯ ಹೆಂಗಸರು ಉಪ್ಪು ಕೇಳುವ ನೆಪದಲ್ಲಿ ಬರುತ್ತಾರೆ. ಅವಳು ನಡುಮನೆಯಲ್ಲಿ ಕೂತು ದಿನಾ ನನಗೆ ಜಡೆ ಹಾಕುತ್ತಿದ್ದಳು. ಹಾಕುತ್ತಾ, "ಆ ಪತ್ತಾರನ ಕೈ ಸೇದಿ ಹೋಗ್ಲಿ" ಎನ್ನುತ್ತಿದ್ದಳು. ನನ್ನ ಕೂದಲು ಅವಳ ಕೈಯಲ್ಲಿತ್ತು. ನಾನು ಕತ್ತು ಅಲ್ಲಾಡಿಸದೆ ಕೂತಿರುತ್ತಿದ್ದೆ. ಅಪ್ಪ ಬೇರೆ ಕರಡಿಗೆ ಕೊಂಡು ಅವಳನ್ನು ಕಳಿಸಿದರು. ಅಲ್ಲಿಗೆ ಮನೆಯವರ ಮಟ್ಟಿಗೆ ಮುಗಿಯಿತು.

ಆರು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಗಂಡು ಹರಿಹರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸದಲ್ಲಿದ್ದವರು. ಈಗ ಹಸಿರು ಗಂಟು ಬಿಚ್ಚಬೇಕು. ಬಿಚ್ಚಿದರೆ ಗಡ್ಡದ ರಾಜ ಹೊರಬೀಳುತ್ತಾನೆ. ಆದರೆ ಅವ್ವ ಟ್ರಂಕಿನ ಬೀಗ ತೆಗೆಯಲು ಹೋದಾಗ ಅಪ್ಪ, "ಅದು ಬ್ಯಾಡ. ಅಂಗಡ್ಯಾಗ ಆಗಿದ್ದs ತರ್ತೀನಿ" ಎಂದರು. ಮಧ್ಯಾಹ್ನ ತಾವೇ ಗಂಟನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು.

"ನಿಂದು. ನೀನs ಇಟ್ಕ."

ನಾನು ಗಂಟನ್ನು ಸೆರಗಿನ ಕೆಳಗೆ ಎಳೆದುಕೊಂಡೆ.

"ಗಡ್ಡದ ರಾಜ ಯಾರ ಗಂಟಿನಾಗ ಇದ್ದ, ಗಡ್ಡ ಇಲ್ಲದವ ಯಾರ ಗಂಟಿನಾಗ ಇದ್ದ ಅಂತ ನಂಗೊತ್ತಿಲ್ಲೇನು? ಎರಡೂ ಗಂಟು ಕಟ್ಟಿದಾವ ನಾನs. ಅವತ್ತು ಬೀಗರು ಊಟಕ್ಕ ಕೂತಾಗ ಒಳಗೆ ಬಂದು ಬಿಚ್ಚಿ ನೋಡೀನಿ."

ಅಂದರೆ ಪತ್ತಾರ ಬರುವ ಮೊದಲೇ. ಅವರನ್ನು ಅಂಗಳದಲ್ಲಿ ನಿಲ್ಲಿಸುವ ಮೊದಲೇ. ಬೆಳ್ಳಿ ಎಲ್ಲಿ ಹೋತು ಎಂದು ಕೇಳುವಾಗ ಬೆಳ್ಳಿ ಎಲ್ಲಿದೆ ಎಂದು ಅಪ್ಪನಿಗೆ ಗೊತ್ತಿತ್ತು.

"ಮತ್ತೆ ಪತ್ತಾರ, ಅಪ್ಪಾಜಿ?"

"ಮತ್ತೇನು ಮಾಡ್ಬೇಕಿತ್ತು? ನಮ್ಮ ಹುಡುಗಿ ಕಳ್ಳಿ ಅಂತ ಬೀಗರ ಮುಂದ ಹೇಳ್ಲಾ? ಆಮ್ಯಾಲೆ ನಿನ್ನ ಯಾರು ತಗಂತಿದ್ರು? ಪತ್ತಾರ ಕದ್ದ ಅಂದ್ರ ಯಾರೂ ಎರಡನೇ ಮಾತು ಕೇಳಂಗಿಲ್ಲ." ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, "ಅವನಿಗೇನು, ಎಲ್ಲಾರ ಬದುಕ್ತಾನ" ಎಂದರು.

ನಾನು ಅಪ್ಪನನ್ನು ದ್ವೇಷಿಸಬೇಕಿತ್ತು. ಆ ಕ್ಷಣ ನನಗಾದದ್ದು ಹಗುರ. ಇದನ್ನು ಬರೆಯುವುದು ಉಳಿದೆಲ್ಲಕ್ಕಿಂತ ಕಷ್ಟ.

ಹರಿಹರಕ್ಕೆ ಹೋದ ಮೇಲೆ ದೇವಸ್ಥಾನದ ಹಿಂದಿನ ಓಣಿಯಲ್ಲಿ ಪತ್ತಾರನ ಮನೆ ಹುಡುಕಿದೆ. ಮಾರಿ ಹೋಗಿ ಬಹಳ ದಿನವಾಯಿತು ಎಂದರು. ಗುತ್ತೂರಿನಲ್ಲಿದ್ದಾರೆ, ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕಬ್ಬಿಣದ ಅಂಚು ಉಜ್ಜುವ ಕೆಲಸ. ಒಂದು ಮಧ್ಯಾಹ್ನ ಹನ್ನೊಂದು ರೂಪಾಯಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಜಟಕಾದಲ್ಲಿ ಹೋದೆ.

ಅವರು ಆಗಷ್ಟೇ ಕೆಲಸದಿಂದ ಬಂದಿದ್ದರು. ಗುರುತು ಹಿಡಿದರು. "ಬರ‍್ರಿ ಸಣ್ಣಮ್ಮಾರ, ಕೂಡ್ರಿ." ಅವರ ಹೆಂಡತಿ ಒಳಗೆ ನಿಂತು ನೋಡಿದರು, ನೀರು ತರಲಿಲ್ಲ. ನಾನು ಡಬ್ಬಿ ತೆಗೆದು ನೆಲದ ಮೇಲಿಟ್ಟೆ.

ಅವರು ಒಂದನ್ನು ಅಂಚಿನಲ್ಲಿ ಹಿಡಿದು ಹೆಬ್ಬೆರಳು ಹಾಯಿಸಿದರು. ಮತ್ತೆ ಹಾಯಿಸಿದರು. "ಗೊತ್ತಾಗವಲ್ದು. ಕಬ್ಬಿಣಕ್ಕ ಫೈಲ್ ಹೊಡೆದು ಹೊಡೆದು ಬೆರಳು ದಡ್ಡ ಬಿದ್ದಾವ್ರಿ" ಎಂದು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. ಚಕ್ರ ಓಡಿತು. "ಓ, ಇವು. ಅವತ್ತಿನವು."

"ನಾನು ಬದಲು ಮಾಡಿದ್ದೆ."

"ಗೊತ್ತೈತ್ರಿ. ನಿಮ್ಮ ಬೆರಳಾಗ ವಿಭೂತಿ ಇತ್ತು. ಮೊದಲು ದೊಡ್ಡವರs ಬೇಕಂತ ಹಾಕ್ಯಾರ ಅನ್ಕಂಡೆ. ದೊಡ್ಡ ಮನಿ, ಕೆದಕೋದು ಬ್ಯಾಡ ಅಂತ ಸುಮ್ಕಾದೆ. ಅದು ನನ್ನ ತಪ್ಪು. ಆಮ್ಯಾಲೆ ನಿಮ್ಮ ಮುಖ ನೋಡ್ದೆ." ರೂಪಾಯಿಯನ್ನು ಡಬ್ಬಿಗೆ ಹಾಕಿದರು. "ಇವನ್ನ ಯಾಕ ತಂದೀರಿ?"

"ನೀವೇ ಇಟ್ಟುಕೊಳ್ಳಿ."

"ಏನು ಮಾಡ್ಲಿ? ಪತ್ತಾರನ ಮನ್ಯಾಗ ದೊಡ್ಡವರ ರೂಪಾಯಿ ಸಿಕ್ರ, ಆಗ ಖರೇನs ಕಳ್ಳ ಆಗ್ತೀನಿ." ಮೊದಲ ಸಲ ನಕ್ಕರು. "ನಂಗೆ ಬೆಳ್ಳಿ ಬ್ಯಾಡ್ರಿ. ಒಂದು ಮಾತು ಬೇಕು. ನಿಮ್ಮಪ್ಪಾರ ಪಡಸಾಲ್ಯಾಗ, ಆ ರಾಣೇಬೆನ್ನೂರು ಬೀಗರನ್ನ ಕೂಡಿಸಿ, ನಾ ಕದ್ದಿಲ್ಲ ಅಂತ ಹೇಳ್ರಿ. ಕನ್ನಡದಾಗ ಹೇಳ್ರಿ. ಇಂಗ್ಲಿಷ್‌ನಾಗ ಬ್ಯಾಡ."

ಹೇಳುತ್ತೇನೆ ಎಂದೆ. ಆಗ ಅವರ ಹೆಂಡತಿ ಒಂದು ಲೋಟ ನೀರು ತಂದಿಟ್ಟರು. ಕುಡಿದೆ.

ಹೇಳಲಿಲ್ಲ. ಅಕ್ಕ ಬಸುರಿ, ಈಗ ಬೇಡ ಎಂದುಕೊಂಡೆ. ಆಮೇಲೆ ನಾನು ಬಸುರಿ. ಆಮೇಲೆ ಅಪ್ಪನಿಗೆ ಎದೆನೋವು, ಆಮೇಲೆ ಬೀಗರ ಮನೆಯಲ್ಲಿ ಮದುವೆ. ಕಾರಣಗಳಿಗೆ ಬರವಿರಲಿಲ್ಲ. ಒಂದೊಂದೂ ಮೇಲೆ ನೋಡಿದರೆ ಅಪ್ಪಟ ಬೆಳ್ಳಿ. ಕೆಲವು ವರ್ಷ ಬಿಟ್ಟು ಗುತ್ತೂರಿಗೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಅಪ್ಪ, ಅವ್ವ, ಆ ಬೀಗರು, ಭಾವ ಎಲ್ಲ ಒಬ್ಬೊಬ್ಬರಾಗಿ ಹೋದರು. ಹೋದ ವರ್ಷ ಅಕ್ಕ ಹೋದಳು. ಪತ್ತಾರನನ್ನು ಶಪಿಸುತ್ತಲೇ ಹೋದಳು ಎಂದು ಬರೆದರೆ ಕತೆಯಾಗುತ್ತದೆ. ಅವಳಿಗೆ ಅದೆಲ್ಲ ಮರೆತುಹೋಗಿತ್ತು.

ಬ್ಯಾಂಕಿನ ಹುಡುಗಿಗೆ ಒಂದು ಮಾತು. ನಿಮ್ಮ ಸಣ್ಣ ಪುಸ್ತಕದಲ್ಲಿ ಜಾಗ ಸಾಲದಿದ್ದರೆ ಲಸ್ಟರ್, ಪ್ರೂಫ್, ಅಂಚಿನ ತೋಡು ಎಲ್ಲ ತೆಗೆದುಬಿಡವ್ವ. ಅದು ಬೇರೆ ಪುಸ್ತಕಗಳಲ್ಲಿ ಸಿಗುತ್ತದೆ. ಹರಿಹರದ ಪತ್ತಾರ ಕದ್ದಿರಲಿಲ್ಲ, ಕದ್ದವಳು ನಾನು, ನಮ್ಮಪ್ಪನಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ತೆಗೆಯಬೇಡ. ಅವರ ಹೆಸರು ಹಾಕಿ ಅಚ್ಚು ಮಾಡಬೇಕೆಂದಿದ್ದೆ. ಪೆನ್ನು ಹಿಡಿದಾಗ ತಿಳಿಯಿತು, ಅವರ ಹೆಸರು ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪತ್ತಾರ ಎಂದೇ ಕರೆದದ್ದು. ಕಳ್ಳ ಎಂದು ಊರಿಗೆಲ್ಲ ಸಾರಲು ಹೆಸರು ಬೇಕಾಗಲಿಲ್ಲ. ಅಲ್ಲ ಎಂದು ಹೇಳಲು ಬೇಕಾಗಿದೆ.